ನಮ್ಮ ವಿಳಾಸ ಬೇರೆಯವರದಾದ ರಾತ್ರಿ

ಆ ರಾತ್ರಿ ನಮ್ಮ ಒಂದು ಫೈಬರ್ ಕೂಡ ತುಂಡಾಗಿರಲಿಲ್ಲ. ಒಂದು ಯಂತ್ರವೂ ಕೆಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಎಷ್ಟೋ ತಿಂಗಳು ಜನ ನನ್ನನ್ನು ಕೇಳಿದ್ದು ಅದೊಂದನ್ನೇ: ಏನು ಕೆಟ್ಟಿತ್ತು? ನಮ್ಮಲ್ಲಿ ಏನೂ ಕೆಟ್ಟಿರಲಿಲ್ಲ. ಆದರೂ ಮೂರು ತಾಲ್ಲೂಕಿನ ಜನ ಆ ರಾತ್ರಿ ಇಂಟರ್ನೆಟ್ ಇಲ್ಲದೆ ಒದ್ದಾಡಿದರು.

2018ರ ಜುಲೈ. ಶಿವಮೊಗ್ಗದ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ನಾನು ನೆಟ್‌ವರ್ಕ್ ಎಂಜಿನಿಯರ್. ಕೇಬಲ್ ಟಿವಿಯಿಂದ ಶುರುವಾಗಿ ಇಂಟರ್ನೆಟ್ಟಿಗೆ ಬಂದ ಕಂಪನಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆ, ಅಂಗಡಿ, ಶಾಲೆ, ಸೊಸೈಟಿಗಳಿಗೆ ಲೈನ್ ಕೊಟ್ಟಿದ್ದೆವು. ಮುಖ್ಯ ರೂಟರ್ ಬೆಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿತ್ತು. ಅಲ್ಲಿ ಎರಡು ದೊಡ್ಡ ಕಂಪನಿಗಳಿಂದ ಬ್ಯಾಂಡ್‌ವಿಡ್ತ್ ಕೊಳ್ಳುತ್ತಿದ್ದೆವು. ಇಂಥವರನ್ನು ಈ ಕೆಲಸದಲ್ಲಿ ಅಪ್‌ಸ್ಟ್ರೀಮ್ ಅನ್ನುತ್ತಾರೆ. ಯಾರ ಹೆಸರನ್ನೂ ನಾನಿಲ್ಲಿ ಬರೆಯುವುದಿಲ್ಲ.

ಮಲೆನಾಡಿನಲ್ಲಿ ಜುಲೈ ಅಂದರೆ ನಮಗೆ ನಿದ್ದೆ ಕಡಿಮೆಯ ತಿಂಗಳು. ಮರ ಬೀಳುತ್ತದೆ, ಕಂಬ ವಾಲುತ್ತದೆ, ಧರೆ ಕುಸಿಯುತ್ತದೆ, ಕೇಬಲ್ ಹೋಗುತ್ತದೆ. ಆದ್ದರಿಂದ ಆ ರಾತ್ರಿ ಒಂಬತ್ತೂವರೆ ಹೊತ್ತಿಗೆ ಮೊದಲ ಫೋನ್ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಹೊಸನಗರದ ಒಬ್ಬ ಅಂಗಡಿಯವರು. "ಮೇಡಮ್, ಲೈಟು ಹಸಿರೇ ಇದೆ. ಆದ್ರೆ ಎಂತದೂ ತೆರೀತಿಲ್ಲ" ಎಂದರು. ಆ ಫೋನ್ ಇಡುವಷ್ಟರಲ್ಲಿ ಇನ್ನೊಂದು ಬಂತು. ಅದು ಸಾಗರದಿಂದ. ಅದಾದ ಮೇಲೆ ಫೋನ್ ನಿಲ್ಲಲೇ ಇಲ್ಲ.

ಲೈನ್ ನೋಡುವ ಹುಡುಗರಿಬ್ಬರು ಅಷ್ಟರಲ್ಲೇ ಜರ್ಕಿನ್ ಹಾಕಿಕೊಂಡು ಬೈಕ್ ತೆಗೆದಿದ್ದರು. ನಾನು ತಡೆದೆ. ಹೊಸನಗರಕ್ಕೂ ಸಾಗರಕ್ಕೂ ಹೋಗುವ ಫೈಬರ್ ಬೇರೆ ಬೇರೆ. ಎರಡೂ ಒಂದೇ ಗಳಿಗೆಯಲ್ಲಿ ಹೋಗುವುದು ಅಪರೂಪ. ಕಂಪ್ಯೂಟರಿನಲ್ಲಿ ನೋಡಿದೆ. ಎರಡೂ ಕಡೆ ಬೆಳಕಿನ ಮಟ್ಟ ಎಂದಿನಂತೆಯೇ ಇತ್ತು. ಬೆಂಗಳೂರಿನ ರೂಟರ್ ಕೈಗೆ ಸಿಗುತ್ತಿತ್ತು. ಎರಡು ಅಪ್‌ಸ್ಟ್ರೀಮ್‌ಗಳ ಜೊತೆ ದಾರಿಗಳನ್ನು ಹಂಚಿಕೊಳ್ಳುವ ಬಿಜಿಪಿ ಸೆಷನ್‌ಗಳೂ ವಾರಗಳಿಂದ ಕಡಿಯದೆ ನಿಂತಿದ್ದವು. ಅವರಿಂದ ಬಂದ ದಾರಿಗಳು ಏಳು ಲಕ್ಷದ ಆಸುಪಾಸು. ಆ ವರ್ಷ ಇಡೀ ಇಂಟರ್ನೆಟ್ಟಿನ ಪಟ್ಟಿಯೇ ಅಷ್ಟಿತ್ತು. ಎಲ್ಲ ಸರಿಯಾಗಿತ್ತು.

ಟ್ರಾಫಿಕ್ ಗ್ರಾಫ್ ಮಾತ್ರ ಸರಿಯಿರಲಿಲ್ಲ. ನಮ್ಮಿಂದ ಹೊರಗೆ ಹೋಗುವುದು ಹೋಗುತ್ತಿತ್ತು. ಹೊರಗಿನಿಂದ ಬರುವುದು ಬಹುಪಾಲು ನಿಂತಿತ್ತು. ಕೇಳಿದ ಪ್ರಶ್ನೆಗೆ ಎಲ್ಲಿಂದಲೂ ಉತ್ತರ ಬರುತ್ತಿರಲಿಲ್ಲ.

ನನ್ನ ಫೋನನ್ನು ವೈಫೈಯಿಂದ ಬಿಡಿಸಿ ಮೊಬೈಲ್ ಡೇಟಾಕ್ಕೆ ಹಾಕಿದೆ. ಬೇರೆ ಜಾಲಗಳ ಲುಕಿಂಗ್ ಗ್ಲಾಸ್ ತೆರೆದೆ. ದೂರದ ಒಂದು ರೂಟರಿಗೆ ನಮ್ಮ ದಾರಿ ಹೇಗೆ ಕಾಣುತ್ತದೆ ಎಂದು ನೋಡಲು ಬಿಟ್ಟಿರುವ ಸೌಲಭ್ಯ ಅದು. ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ನಮ್ಮ ಡಿಎನ್‌ಎಸ್ ಸರ್ವರಿನ ವಿಳಾಸ ಹಾಕಿದೆ. ದಾರಿ ತೋರಿಸಿತು. ಪ್ರತಿ ಜಾಲಕ್ಕೂ ತನ್ನದೇ ಸಂಖ್ಯೆ ಇರುತ್ತದೆ. ಆ ದಾರಿಯ ಕೊನೆಯಲ್ಲಿ ಇದ್ದದ್ದು ನಮ್ಮ ಜಾಲದ ಸಂಖ್ಯೆಯಾಗಿರಲಿಲ್ಲ. ನಾನು ಎಂದೂ ಕಂಡಿರದ ಒಂದು ಸಂಖ್ಯೆ ಅಲ್ಲಿತ್ತು.

ಇನ್ನೊಂದು ದೇಶದ ಲುಕಿಂಗ್ ಗ್ಲಾಸ್‌ನಲ್ಲಿ ನೋಡಿದೆ. ಅದೇ ಸಂಖ್ಯೆ.

ಕೈ ತಣ್ಣಗಾಯಿತು. ಅದು ನೆನಪಿದೆ.

ಏನಾಗಿತ್ತು ಎಂದು ಇಲ್ಲಿ ಬಿಡಿಸಿ ಹೇಳಬೇಕು. ಇಂಟರ್ನೆಟ್ ಎಂದರೆ ಸಾವಿರಾರು ಬೇರೆ ಬೇರೆ ಜಾಲಗಳು. ಬಿಜಿಪಿಯ ಮೂಲಕ ಪ್ರತಿ ಜಾಲವೂ ತನ್ನ ಪಕ್ಕದ ಜಾಲಕ್ಕೆ ಹೇಳುತ್ತದೆ: ಈ ವಿಳಾಸಗಳು ನನ್ನ ಹತ್ತಿರ ಇವೆ, ಇಲ್ಲಿಗೆ ಕಳಿಸು. ಪಕ್ಕದವರು ಅದನ್ನು ತಮ್ಮ ಪಕ್ಕದವರಿಗೆ ದಾಟಿಸುತ್ತಾರೆ. ಹೇಳಿದ್ದು ನಿಜವೇ ಎಂದು ನೋಡುವ ಏರ್ಪಾಡು ಅದರೊಳಗೇ ಇಲ್ಲ. ಕೇಳಿಸಿಕೊಳ್ಳುವವರು ನೋಡಬೇಕು. ನೋಡುವ ಒಂದು ಹಳೆಯ, ಸರಳ ಸಾಧನ ಪ್ರಿಫಿಕ್ಸ್ ಲಿಸ್ಟ್. ಈ ಪಕ್ಕದವರಿಂದ ಈ ಈ ವಿಳಾಸದ ತುಂಡುಗಳನ್ನು ಮಾತ್ರ ಒಪ್ಪುತ್ತೇನೆ ಎಂದು ಒಂದೊಂದೇ ಸಾಲು ಬರೆದಿಟ್ಟ ಪಟ್ಟಿ. ಪಟ್ಟಿಯ ಕೊನೆಯಲ್ಲಿ, ಬರೆಯದಿದ್ದರೂ, ಉಳಿದದ್ದೆಲ್ಲ ಬೇಡ ಎಂಬ ಸಾಲು ಇದ್ದೇ ಇರುತ್ತದೆ.

ನಮಗೆ 1,024 ವಿಳಾಸಗಳ ಒಂದು ತುಂಡು ಇತ್ತು. ಸ್ಲ್ಯಾಶ್ 22. ಅದನ್ನೇ ಇಡಿಯಾಗಿ ಜಗತ್ತಿಗೆ ಸಾರುತ್ತಿದ್ದೆವು. ಅದರೊಳಗೆ 256 ವಿಳಾಸಗಳ ನಾಲ್ಕು ಸ್ಲ್ಯಾಶ್ 24. ದೂರದ ಆ ಜಾಲ ಈ ನಾಲ್ಕರಲ್ಲಿ ಒಂದನ್ನು ತನ್ನದೆಂದು ಸಾರಿತ್ತು. ರೂಟರ್ ಯಾವಾಗಲೂ ಹೆಚ್ಚು ನಿಖರವಾದ ವಿಳಾಸವನ್ನು ನಂಬುತ್ತದೆ. ಶಿವಮೊಗ್ಗದ ಕಾಗದವೆಲ್ಲ ನನಗೆ ಕೊಡಿ ಎಂದು ಒಬ್ಬರು, ಗಾಂಧಿ ಬಜಾರಿನ ಕಾಗದ ನನಗೆ ಕೊಡಿ ಎಂದು ಇನ್ನೊಬ್ಬರು ಹೇಳಿದರೆ, ಗಾಂಧಿ ಬಜಾರಿನ ಕಾಗದ ಎರಡನೆಯವರ ಕೈಗೇ ಹೋಗುತ್ತದೆ. ಹಾಗೆ ಹೋಯಿತು. ನಮ್ಮದೇ ಅಪ್‌ಸ್ಟ್ರೀಮ್‌ಗಳೂ ಆ ಹೊಸ ದಾರಿಯನ್ನು ಹೊರಗಿನಿಂದ ಕೇಳಿ ನಂಬಿದ್ದವು.

ಇದು ಹೊಸ ಸಂಗತಿಯಾಗಿರಲಿಲ್ಲ. 2008ರ ಫೆಬ್ರವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು ಹಾಕಿದ ಒಂದು ಸ್ಲ್ಯಾಶ್ 24 ಹೊರಗೆ ಸೋರಿತು. ಯೂಟ್ಯೂಬ್ ಸಾರುತ್ತಿದ್ದದ್ದು ಸ್ಲ್ಯಾಶ್ 22. ಅದರ ಅಪ್‌ಸ್ಟ್ರೀಮ್ ಆಗಿದ್ದ ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯು ಆ ಸೋರಿದ ದಾರಿಯನ್ನು ಸೋಸದೆ ಮುಂದಕ್ಕೆ ದಾಟಿಸಿತು. ಎರಡು ಗಂಟೆಗೂ ಹೆಚ್ಚು ಹೊತ್ತು ಯೂಟ್ಯೂಬ್ ಜಗತ್ತಿನ ಬಹುಭಾಗಕ್ಕೆ ಸಿಗಲಿಲ್ಲ. ಈ ಕೆಲಸ ಕಲಿಯುವವರೆಲ್ಲ ಈ ಪ್ರಸಂಗ ಓದಿರುತ್ತಾರೆ. ನಾನೂ ಓದಿದ್ದೆ. ಹೊಸನಗರದ ಅಂಗಡಿಗೂ ಹಾಗೆ ಆಗಬಹುದು ಎಂದು ಯೋಚಿಸಿರಲಿಲ್ಲ.

ಆದರೆ ಆಗ ನನ್ನನ್ನು ಹೆದರಿಸಿದ್ದು 2008 ಆಗಿರಲಿಲ್ಲ. ಆ ವರ್ಷದ್ದೇ, 2018ರ ಏಪ್ರಿಲ್ 24. ಅಂದು ಅಮೆಜಾನ್‌ನ ಡಿಎನ್‌ಎಸ್ ಸೇವೆಯ ವಿಳಾಸಗಳನ್ನು ಹೀಗೆಯೇ ಕೆಲವರು ತಮ್ಮ ಕಡೆ ತಿರುಗಿಸಿಕೊಂಡಿದ್ದರು. ಕ್ರಿಪ್ಟೋ ಹಣದ ತಾಣವಾದ ಮೈಈಥರ್‌ವಾಲೆಟ್ ಬಳಸುವವರನ್ನು ನಕಲಿ ತಾಣಕ್ಕೆ ಕಳಿಸಿ ಹಣ ಕದ್ದಿದ್ದರು. ಅದನ್ನು ಓದಿ ಮೂರು ತಿಂಗಳೂ ಆಗಿರಲಿಲ್ಲ. ನಮ್ಮಿಂದ ಹೋದ ತುಂಡಿನಲ್ಲೂ ಡಿಎನ್‌ಎಸ್ ಸರ್ವರ್ ಇತ್ತು. ನಮ್ಮ ಗ್ರಾಹಕರಲ್ಲಿ ಅಡಿಕೆ ವ್ಯಾಪಾರಿಗಳಿದ್ದರು, ಸಹಕಾರಿ ಸೊಸೈಟಿಗಳಿದ್ದವು. ಇದು ಯಾರೋ ಬೇಕೆಂದೇ ಮಾಡಿದ್ದೋ, ಕೈತಪ್ಪಿ ಆದದ್ದೋ? ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಕಂಪನಿಯ ಯಜಮಾನರಿಗೆ ಫೋನ್ ಮಾಡಿದೆ. ಅವರು ಮನೆಯಲ್ಲಿ ಊಟ ಮಾಡುತ್ತಿದ್ದರು. "ನಮ್ಮ ವಿಳಾಸ ಬೇರೆ ಯಾರೋ ತಗೊಂಡಿದಾರೆ ಸರ್" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆದರೂ ಮತ್ತೆ ಕೇಳಲಿಲ್ಲ. "ಬರ್ತೀನಿ" ಎಂದರು. ಕಾಲು ಗಂಟೆಯಲ್ಲಿ ಬಂದರು. ಬಂದವರು ಗ್ರಾಹಕರ ಫೋನೆಲ್ಲ ತಾವೇ ತೆಗೆಯತೊಡಗಿದರು. ಬೆಳಗಿನವರೆಗೆ ಬೈಸಿಕೊಂಡವರು ಅವರು. ನನಗೆ ಕೆಲಸ ಮಾಡಲು ಸಾಧ್ಯವಾದದ್ದು ಅದರಿಂದ.

ಮೊದಲು ಕೈಯಲ್ಲಿದ್ದದ್ದನ್ನು ಮಾಡಿದೆ. ಗ್ರಾಹಕರ ಬಹುಪಾಲು ವಿಳಾಸಗಳು ಉಳಿದ ಮೂರು ತುಂಡುಗಳಲ್ಲಿದ್ದವು. ಅವರ ದಾರಿ ಸರಿಯಿತ್ತು. ಅವರಿಗೆ ಇಂಟರ್ನೆಟ್ ಸಿಗದಿದ್ದದ್ದು ಡಿಎನ್‌ಎಸ್ ಸರ್ವರ್ ಕಳೆದುಹೋದ ತುಂಡಿನಲ್ಲಿದ್ದ ಕಾರಣಕ್ಕೆ. ಅದು ಹೊರಗೆ ಕೇಳುತ್ತಿದ್ದ ಪ್ರಶ್ನೆಗಳ ಉತ್ತರವೆಲ್ಲ ದೂರದ ಆ ಜಾಲಕ್ಕೆ ಹೋಗುತ್ತಿತ್ತು. ಸರ್ವರ್ ಪ್ರಶ್ನೆ ಕೇಳುವ ವಿಳಾಸವನ್ನು ಇನ್ನೊಂದು ತುಂಡಿಗೆ ಬದಲಾಯಿಸಿದೆ. ಹತ್ತೂವರೆಯ ಸುಮಾರಿಗೆ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಇಂಟರ್ನೆಟ್ ಬಂತು. ಫೋನ್ ಕಡಿಮೆಯಾಯಿತು. ಯಜಮಾನರು ಮುಗಿಯಿತೆಂದುಕೊಂಡರು. ಮುಗಿದಿರಲಿಲ್ಲ. ಆ ತುಂಡಿನಲ್ಲೇ ವಿಳಾಸ ಇದ್ದ ಮನೆಗಳು, ಸ್ಥಿರ ವಿಳಾಸ ಪಡೆದಿದ್ದ ಸೊಸೈಟಿಗಳು, ಒಂದು ಕಾಲೇಜು, ಒಂದು ಖಾಸಗಿ ಆಸ್ಪತ್ರೆ ಇನ್ನೂ ಹೊರಗೇ ಇದ್ದವು.

ಮೊದಲ ಅಪ್‌ಸ್ಟ್ರೀಮ್‌ಗೆ ಫೋನ್ ಮಾಡಿದೆ. ಎತ್ತಿದ ಹುಡುಗ ಸೌಜನ್ಯವಾಗಿಯೇ ಮಾತಾಡಿದ. "ನಿಮ್ಮ ಸೆಷನ್ ಅಪ್ ಇದೆ ಮೇಡಮ್. ನಮ್ಮ ಕಡೆ ತೊಂದರೆ ಇಲ್ಲ." ನಾನು ವಿವರಿಸಿದೆ. ಆತ ಕೇಳಿಸಿಕೊಂಡ. ಕೊನೆಗೆ, ಬದಲಾವಣೆ ಬೇಕಿದ್ದರೆ ನೋಂದಾಯಿತ ಇಮೇಲ್‌ನಿಂದ ಟಿಕೆಟ್ ಹಾಕಿ ಎಂದ.

ನಮ್ಮ ಮೇಲ್ ಸರ್ವರ್ ಇದ್ದದ್ದೂ ಅದೇ ತುಂಡಿನಲ್ಲಿ.

ನನ್ನ ಸ್ವಂತ ಜಿಮೇಲ್‌ನಿಂದ ಬರೆದೆ. ಯಾರೋ ಅಪರಿಚಿತರು ಬರೆದ ಪತ್ರ ಎಂದು ಅದು ಬದಿಗೆ ಹೋಯಿತು. ಅವರ ನಿಯಮ ತಪ್ಪಲ್ಲ. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಬೇರೆಯವರ ದಾರಿ ತಿರುಗಿಸಲು ಬಯಸುವವರೂ ಹೀಗೆಯೇ ರಾತ್ರಿ ಅವಸರದ ಫೋನ್ ಮಾಡಬಹುದು. ನಾನು ಅಲ್ಲಿ ಕೂತಿದ್ದರೂ ಹಾಗೆಯೇ ಹೇಳುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ನಾನು ನಾನೇ ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ಭಾವನೆ ತುಂಬ ಕೆಟ್ಟದ್ದು.

ಹನ್ನೊಂದು ದಾಟಿದ ಮೇಲೆ ಆಸ್ಪತ್ರೆಯಿಂದ ಫೋನ್ ಬಂತು. ಯಜಮಾನರು ಫೋನನ್ನು ನನ್ನ ಕೈಗೆ ಕೊಟ್ಟರು. ಮಾತಾಡಿದ್ದು ಸ್ಕ್ಯಾನಿಂಗ್ ಟೆಕ್ನಿಷಿಯನ್. "ಮೇಡಮ್, ಬೈಕ್ ಆಕ್ಸಿಡೆಂಟು. ತಲೆಗೆ ಪೆಟ್ಟಾಗಿದೆ. ಸ್ಕ್ಯಾನ್ ಮಾಡಿದೀವಿ. ಮಂಗಳೂರಿನ ಡಾಕ್ಟರಿಗೆ ಚಿತ್ರ ಹೋಗ್ತಾ ಇಲ್ಲ." ಅಲ್ಲಿ ರಾತ್ರಿ ಸ್ಕ್ಯಾನ್ ಓದುವ ವೈದ್ಯರಿಲ್ಲ. ಚಿತ್ರ ಮಂಗಳೂರಿಗೆ ಹೋಗಿ, ಅಲ್ಲಿಂದ ವರದಿ ಬರಬೇಕು. ಮಂಗಳೂರಿನ ಸರ್ವರ್ ಈ ಆಸ್ಪತ್ರೆಯ ಒಂದೇ ಒಂದು ಸ್ಥಿರ ವಿಳಾಸವನ್ನು ಮಾತ್ರ ಒಳಗೆ ಬಿಡುತ್ತಿತ್ತು. ಆ ವಿಳಾಸ ಈಗ ನಮ್ಮದಾಗಿರಲಿಲ್ಲ.

ಆಸ್ಪತ್ರೆಗೆ ಬೇರೆ ತುಂಡಿನಿಂದ ಹೊಸ ವಿಳಾಸ ಕೊಟ್ಟೆ. ಇಂಟರ್ನೆಟ್ ಬಂತು. ಮಂಗಳೂರಿನ ಸರ್ವರ್ ಹೊಸ ವಿಳಾಸವನ್ನು ಒಳಗೆ ಬಿಡಲಿಲ್ಲ. ಅದನ್ನು ಸೇರಿಸಬೇಕಾದವರು ಫೋನ್ ತೆಗೆಯಲಿಲ್ಲ. ಮಧ್ಯರಾತ್ರಿಯ ಹೊತ್ತು. ಅವರನ್ನೂ ದೂರಲು ಬರುವುದಿಲ್ಲ. "ಪರದೆಯ ಫೋಟೋ ತೆಗೆದು ವಾಟ್ಸ್ಯಾಪ್ ಮಾಡಿ" ಎಂದು ನಾನೇ ಹೇಳಿದೆ. ಸರಿಯಾದ ದಾರಿ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರು ಒಂದೊಂದೇ ಚಿತ್ರದ ಫೋಟೋ ತೆಗೆದು ಕಳಿಸಿದರು. ಮಂಗಳೂರಿನ ಡಾಕ್ಟರು ಅದನ್ನು ನೋಡಿ, ಒಳಗೆ ರಕ್ತ ಇರುವ ಹಾಗಿದೆ, ಕಾಯಬೇಡಿ, ಕಳಿಸಿಬಿಡಿ ಎಂದರಂತೆ. ಆಂಬುಲೆನ್ಸ್ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೊರಟಿತು. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಘಾಟಿಯಲ್ಲಿ ಮರ ಬಿದ್ದಿರಬಾರದು ಎಂದುಕೊಂಡೆ. ಆಮೇಲೆ ಮತ್ತೆ ಕಂಪ್ಯೂಟರಿಗೆ ತಿರುಗಿದೆ.

ನಮಗಿದ್ದ ಉಪಾಯ ಒಂದೇ. ನಾವೂ ಅದೇ ಸ್ಲ್ಯಾಶ್ 24 ಸಾರಬೇಕು. ಆಗ ನಿಖರತೆಯಲ್ಲಿ ಇಬ್ಬರೂ ಸಮ. ಯಾರ ದಾರಿ ಹತ್ತಿರವೋ ಅವರಿಗೆ ಟ್ರಾಫಿಕ್ ಬರುತ್ತದೆ. 2008ರಲ್ಲಿ ಯೂಟ್ಯೂಬ್ ಮಾಡಿದ್ದೂ ಅದನ್ನೇ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎರಡು ಸ್ಲ್ಯಾಶ್ 25 ಸಾರಿದ್ದರು. ನಾನು ಅದರ ಆಸೆ ಇಟ್ಟುಕೊಳ್ಳಲಿಲ್ಲ. ಸ್ಲ್ಯಾಶ್ 24ಕ್ಕಿಂತ ಚಿಕ್ಕ ತುಂಡನ್ನು ಬಹುತೇಕ ಜಾಲಗಳು ಒಪ್ಪುವುದಿಲ್ಲ.

ನಮ್ಮ ರೂಟರಿನಲ್ಲಿ ಸಾಲು ಬರೆದೆ. ದಾರಿ ಎರಡೂ ಅಪ್‌ಸ್ಟ್ರೀಮ್‌ಗಳಿಗೆ ಹೋಯಿತು. ಲುಕಿಂಗ್ ಗ್ಲಾಸ್‌ನಲ್ಲಿ ಏನೂ ಬದಲಾಗಲಿಲ್ಲ. ಕಾದೆ. ಮತ್ತೆ ನೋಡಿದೆ. ಹೊರಗೆ ಎಲ್ಲೂ ನಮ್ಮ ಸ್ಲ್ಯಾಶ್ 24 ಕಾಣಲಿಲ್ಲ.

ಆಗ ಹೊಳೆಯಿತು. ಎರಡೂ ಅಪ್‌ಸ್ಟ್ರೀಮ್‌ಗಳು ನಮ್ಮ ಸೆಷನ್ ಮೇಲೆ ಪ್ರಿಫಿಕ್ಸ್ ಲಿಸ್ಟ್ ಇಟ್ಟಿದ್ದವು. ಅದರಲ್ಲಿದ್ದದ್ದು ಒಂದೇ ಸಾಲು: ಈ ಸ್ಲ್ಯಾಶ್ 22, ಇದೇ ಅಳತೆಯಲ್ಲಿ ಮಾತ್ರ. ನಾವು ಸಾರಿದ ಸ್ಲ್ಯಾಶ್ 24 ಆ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಅದನ್ನು ಬಾಗಿಲಲ್ಲೇ ತಡೆದಿದ್ದವು.

ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ವಿಳಾಸವನ್ನು ನಾವು ಸಾರಿದರೆ ಜಗತ್ತು ಕೇಳುತ್ತಿಲ್ಲ. ನಮ್ಮ ಮೇಲೆ ಪಟ್ಟಿ ಇದೆ. ಎಲ್ಲೋ ಇನ್ನೊಬ್ಬರು ನಮ್ಮ ವಿಳಾಸವನ್ನು ಸಾರಿದರೆ ಜಗತ್ತು ಕೇಳುತ್ತಿದೆ. ಅವರ ಮೇಲೆ ಪಟ್ಟಿ ಇಲ್ಲ. ಅಳು ಬರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಇಷ್ಟು ವರ್ಷದ ಮೇಲೂ ನನಗೆ ಹೇಳಬೇಕಿರುವುದು ಇದೇ. ನಮ್ಮನ್ನು ಆ ರಾತ್ರಿ ಕಟ್ಟಿಹಾಕಿದ ಪಟ್ಟಿ ಸರಿಯಾದ ಪಟ್ಟಿ. ಅದು ಇರಬೇಕಾದ್ದೇ. ಅದೇ ಬಿಗಿ ದೂರದ ಆ ತುದಿಯಲ್ಲೂ ಇದ್ದಿದ್ದರೆ ನಾವು ಸ್ಲ್ಯಾಶ್ 24 ಸಾರುವ ಪ್ರಸಂಗವೇ ಬರುತ್ತಿರಲಿಲ್ಲ. ಆಮೇಲೆ ಕೆಲವರು ನನಗೆ ಹೇಳಿದರು, ನೋಡಿ, ಫಿಲ್ಟರ್ ಬಿಗಿಯಾದರೆ ಕಷ್ಟಕಾಲದಲ್ಲಿ ಹೀಗೆ ಕೈಕಟ್ಟುತ್ತದೆ, ಸಡಿಲ ಇಡಿ ಎಂದು. ನಾನು ಒಪ್ಪುವುದಿಲ್ಲ. ಕಷ್ಟ ಬಂದದ್ದೇ ಸಡಿಲ ಇದ್ದ ಕಡೆಯಿಂದ.

ಎರಡನೇ ಅಪ್‌ಸ್ಟ್ರೀಮ್‌ಗೆ ಫೋನ್ ಮಾಡಿದೆ. ಅಲ್ಲಿ ಆ ರಾತ್ರಿ ಡ್ಯೂಟಿಯಲ್ಲಿದ್ದವರು ಹಿಂದೊಮ್ಮೆ ನಮ್ಮ ಸೆಷನ್ ಕಟ್ಟಿಕೊಟ್ಟವರು. ನನ್ನ ದನಿ ಗುರುತಿತ್ತು. ಆದರೂ ಅಷ್ಟಕ್ಕೇ ನಂಬಲಿಲ್ಲ. ನೋಂದಣಿಯಲ್ಲಿ ಇದ್ದ ಯಜಮಾನರ ನಂಬರಿಗೆ ತಾವೇ ವಾಪಸ್ ಫೋನ್ ಮಾಡಿದರು. ಅವರಿಂದ ಕೇಳಿಕೊಂಡರು. ನಮ್ಮ ವಿಳಾಸ ಯಾರ ಹೆಸರಿನಲ್ಲಿದೆ ಎಂದು ಭಾರತದಲ್ಲಿ ವಿಳಾಸಗಳ ನೋಂದಣಿ ನೋಡಿಕೊಳ್ಳುವ ಐಆರ್‌ಐಎನ್‌ಎನ್ ದಾಖಲೆ ನೋಡಿದರು. ಆಮೇಲೆ ಪಟ್ಟಿಗೆ ಒಂದು ಸಾಲು ಸೇರಿಸಿದರು. "ಬೆಳಿಗ್ಗೆ ನನಗೆ ಇದನ್ನು ಬರವಣಿಗೆಯಲ್ಲಿ ಕಳಿಸಬೇಕು ಮೇಡಮ್" ಎಂದರು. ಕಳಿಸಿದೆ.

ಕೆಲವೇ ನಿಮಿಷಗಳಲ್ಲಿ ಗ್ರಾಫ್ ಸ್ವಲ್ಪ ಏರಿತು. ಭಾರತದೊಳಗಿನ ಹಲವು ಜಾಲಗಳು ನಮ್ಮ ಕಡೆ ತಿರುಗಿದವು. ಯುರೋಪ್, ಅಮೆರಿಕದ ಕಡೆಯ ಬಹುತೇಕ ಜಾಲಗಳಿಗೆ ಇನ್ನೂ ಅವರ ದಾರಿಯೇ ಹತ್ತಿರ. ಅರ್ಧ ಬಂತು, ಅರ್ಧ ಇಲ್ಲ. ಕೆಲವು ತಾಣ ತೆರೆಯುತ್ತವೆ, ಕೆಲವು ಇಲ್ಲ. ಪೂರ್ತಿ ಇಲ್ಲದಿರುವುದಕ್ಕಿಂತ ಇದನ್ನು ಗ್ರಾಹಕರಿಗೆ ವಿವರಿಸುವುದು ಕಷ್ಟ. ಯಜಮಾನರು ವಿವರಿಸುವುದನ್ನು ಬಿಟ್ಟು, "ಬೆಳಗ್ಗೆವರೆಗೆ ತಡ್ಕೊಳ್ಳಿ ಮಾರಾಯ್ರೆ" ಎನ್ನುತ್ತಿದ್ದರು.

ಉಳಿದದ್ದು ಮೂಲದಲ್ಲೇ ನಿಲ್ಲಬೇಕಿತ್ತು. ನಮ್ಮ ತುಂಡನ್ನು ಸಾರುತ್ತಿದ್ದ ಜಾಲ ಪಶ್ಚಿಮದ ಒಂದು ದೇಶದ್ದು. ಜಾಲ ಯಾರದ್ದೆಂದು ತೋರಿಸುವ ಹೂಈಸ್ ದಾಖಲೆಯಲ್ಲಿ ಇದ್ದ ಫೋನ್ ನಂಬರ್ ರಿಂಗ್ ಆಗುತ್ತಿತ್ತು. ಯಾರೂ ಎತ್ತಲಿಲ್ಲ. ಅವರ ಇಮೇಲಿಗೆ ಬರೆದದ್ದು ವಾಪಸ್ ಬಂತು. ಅವರನ್ನು ಬಿಟ್ಟು ಅವರ ಅಪ್‌ಸ್ಟ್ರೀಮ್ ಯಾರು ಎಂದು ದಾರಿಯ ಸಂಖ್ಯೆಗಳಿಂದ ಹುಡುಕಿದೆ. ಅದು ದೊಡ್ಡ ಜಾಲ. ಹಗಲೂ ರಾತ್ರಿ ಜನ ಇರುತ್ತಾರೆ. ಫೋನ್ ಮಾಡಿದೆ.

ಅಲ್ಲಿಯೂ ಮೊದಲು ಕೇಳಿದ್ದು ಗ್ರಾಹಕ ಸಂಖ್ಯೆ. ನಾನು ನಿಮ್ಮ ಗ್ರಾಹಕಳಲ್ಲ ಎಂದೆ. ಗ್ರಾಹಕರಲ್ಲದವರ ದೂರು ತೆಗೆದುಕೊಳ್ಳುವ ಹಾಗಿಲ್ಲ ಎಂದರು. ಮತ್ತೆ ಮಾಡಿದೆ. ಬೇರೆಯವರು ಎತ್ತಿದರು. ಅದೇ ಮಾತು. ಹೀಗೆ ಎಷ್ಟೋ ಹೊತ್ತು ಕಳೆಯಿತು. ಅಂತರರಾಷ್ಟ್ರೀಯ ಕರೆಗೆ ನನ್ನ ಫೋನಿನ ಹಣ ಮುಗಿದಾಗ ಯಜಮಾನರು ತಮ್ಮ ಫೋನ್ ಕೊಟ್ಟರು. ಕಾವಲಿನವರು ಫ್ಲಾಸ್ಕಿನಲ್ಲಿ ಚಹಾ ತಂದಿಟ್ಟರು. ಯಾವಾಗ ತಂದರೆಂದು ನನಗೆ ಗೊತ್ತಾಗಲಿಲ್ಲ. ಕುಡಿಯುವಾಗ ಆರಿತ್ತು. ಆದರೂ ಕುಡಿದೆ.

ಮೂರು ಗಂಟೆಯ ಆಸುಪಾಸಿನಲ್ಲಿ ಎತ್ತಿದ ಒಬ್ಬರು ಗ್ರಾಹಕ ಸಂಖ್ಯೆ ಕೇಳಲಿಲ್ಲ. "ಯಾವ ಪ್ರಿಫಿಕ್ಸ್?" ಎಂದರು. ಹೇಳಿದೆ. ಕೀಬೋರ್ಡಿನ ಸದ್ದು ಕೇಳಿಸಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. "ಈ ಗ್ರಾಹಕರ ಸೆಷನ್ ಮೇಲೆ ಪ್ರಿಫಿಕ್ಸ್ ಲಿಸ್ಟ್ ಇಲ್ಲ. ಮ್ಯಾಕ್ಸಿಮಮ್ ಪ್ರಿಫಿಕ್ಸ್ ಮಿತಿ ಮಾತ್ರ ಇದೆ" ಎಂದರು.

ಆ ಮಿತಿ ಎಂದರೆ ಇಷ್ಟು ದಾರಿಗಳಿಗಿಂತ ಹೆಚ್ಚು ಬಂದರೆ ಸೆಷನ್ ಕಡಿಯುವ ಏರ್ಪಾಡು. ಇಡೀ ಜಗತ್ತಿನ ದಾರಿಗಳು ಒಮ್ಮೆಲೇ ಸೋರಿದಾಗ ಅದು ಕಾಪಾಡುತ್ತದೆ. 2014ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ಇಂಡೊಸ್ಯಾಟ್ ಮೂರು ಲಕ್ಷಕ್ಕೂ ಹೆಚ್ಚು ದಾರಿಗಳನ್ನು ತನ್ನದೆಂದು ಸಾರಿತ್ತು. ಅಂಥದ್ದಕ್ಕೆ ಈ ಮಿತಿ ಬೇಕು. ಆದರೆ ನಮ್ಮದು ಒಂದೇ ಒಂದು ದಾರಿ. ಎಣಿಕೆಗೆ ಅದು ಸಿಕ್ಕಲೇ ಇಲ್ಲ. ಯಾವುದು ಬಂತು ಎಂದು ಪಟ್ಟಿ ಕೇಳುತ್ತದೆ. ಎಷ್ಟು ಬಂತು ಎಂದು ಮಾತ್ರ ಮಿತಿ ಕೇಳುತ್ತದೆ.

ಅವರು ನಮ್ಮ ತುಂಡನ್ನು ಆ ಸೆಷನ್ ಮೇಲೆ ತಡೆದರು. "ಈಗ ನೋಡಿ" ಎಂದರು. ಲೈನಿನಲ್ಲೇ ಇದ್ದರು. ನಾನು ಲುಕಿಂಗ್ ಗ್ಲಾಸ್ ಮತ್ತೆ ತೆರೆದೆ. ಒಂದು ಕಡೆ ನಮ್ಮ ಸಂಖ್ಯೆ ಬಂದಿತ್ತು. ಇನ್ನೊಂದು ಕಡೆ ಹಳೆಯದೇ. ಕಾದೆವು. ಅಲ್ಲೂ ಬಂತು. ಗ್ರಾಫ್ ಏರಿತು. ನಾನು ಅವರಿಗೆ ಧನ್ಯವಾದ ಹೇಳಿದೆ. ಅವರು, ಅಲ್ಲಿ ಈಗ ಎಷ್ಟು ಗಂಟೆ ಎಂದು ಕೇಳಿದರು. ಹೇಳಿದೆ. ಹೋಗಿ ಮಲಗಿ ಎಂದರು. ಅವರ ಹೆಸರು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಕಾರಣ ಮರುದಿನ ಸಂಜೆ ತಿಳಿಯಿತು. ದೂರದ ಆ ಜಾಲದವರೇ ಎರಡು ಸಾಲಿನ ಪತ್ರ ಬರೆದರು. ತಮ್ಮ ಹೊಸ ತುಂಡನ್ನು ಸಾರಲು ಹೋಗಿ ಒಂದು ಅಂಕಿ ತಪ್ಪಾಗಿತ್ತು. ಕ್ಷಮೆ ಕೇಳಿದ್ದರು. ಕದಿಯುವ ಉದ್ದೇಶ ಇರಲಿಲ್ಲ. ಸಮಾಧಾನವಾಯಿತು. ಜೊತೆಗೆ ಇನ್ನೊಂದು ರೀತಿಯ ಭಯವೂ ಬಂತು. ಯಾವ ದುರುದ್ದೇಶವೂ ಇಲ್ಲದೆ, ಒಬ್ಬರ ಬೆರಳು ಒಂದು ಕೀ ಆಚೀಚೆ ಆದರೆ ಇಷ್ಟಾಗುತ್ತದೆ. ಆ ಅಂಕಿ ಒತ್ತಿದವರ ಮೇಲೆ ನನಗೆ ಸಿಟ್ಟಿಲ್ಲ. ಕೈ ಎಲ್ಲರದ್ದೂ ತಪ್ಪುತ್ತದೆ. ಅದು ತಪ್ಪುತ್ತದೆ ಎಂದೇ ಮುಂದಿನ ಬಾಗಿಲಲ್ಲಿ ಪಟ್ಟಿ ಇಡುವುದು. ಹಣ ಪಡೆದು ಆ ಬಾಗಿಲು ಕಾಯಬೇಕಾದವರು ಕಾಯಲಿಲ್ಲ.

ಬೈಕ್ ಅಪಘಾತದವರು ಬದುಕಿದರು. ಟೆಕ್ನಿಷಿಯನ್ ಸ್ವಲ್ಪ ದಿನಗಳ ಮೇಲೆ ಫೋನ್ ಮಾಡಿ ಹೇಳಿದರು. ಚಿತ್ರ ಸರಿಯಾಗಿ ಹೋಗಿದ್ದರೆ ಎಷ್ಟು ಬೇಗ ಹೊರಡುತ್ತಿದ್ದರು, ಅದರಿಂದ ಏನು ಬದಲಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಕೆಲವು ಗ್ರಾಹಕರು ಬಿಟ್ಟು ಹೋದರು. ಒಂದು ಸೊಸೈಟಿಯವರು ಹೋದರು. ಯಜಮಾನರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಮಳೆಗಾಲ ಮುಗಿಯುವವರೆಗೆ ನನಗೆ ರಾತ್ರಿ ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿ ಇದ್ದಾಗಲೂ ಲುಕಿಂಗ್ ಗ್ಲಾಸ್ ತೆರೆದು ನಮ್ಮ ನಾಲ್ಕು ತುಂಡುಗಳನ್ನು ನೋಡುತ್ತಿದ್ದೆ. ಊಟದ ನಡುವೆ ನೋಡುತ್ತಿದ್ದೆ. ಅಮ್ಮ ಅದೆಂತ ಅಷ್ಟು ಸಲ ನೋಡ್ತಿ ಎಂದು ಕೇಳುತ್ತಿದ್ದರು. ನಿಧಾನಕ್ಕೆ ಅದು ಕಡಿಮೆಯಾಯಿತು.

ಆಮೇಲೆ ಮಾಡಿದ್ದನ್ನೂ ಹೇಳಬೇಕು. ಡಿಎನ್‌ಎಸ್ ಮತ್ತು ಮೇಲ್ ಸರ್ವರ್‌ಗಳನ್ನು ಬೇರೆ ಬೇರೆ ತುಂಡುಗಳಿಗೆ ಹಂಚಿದೆವು. ಎರಡೂ ಅಪ್‌ಸ್ಟ್ರೀಮ್‌ಗಳ ಪಟ್ಟಿಯಲ್ಲಿ ಸ್ಲ್ಯಾಶ್ 22ರ ಜೊತೆಗೆ ನಾಲ್ಕು ಸ್ಲ್ಯಾಶ್ 24ಗಳನ್ನೂ ಬರವಣಿಗೆಯಲ್ಲಿ ಕೇಳಿ ಸೇರಿಸುವಂತೆ ಮಾಡಿದೆವು. ನಂತರದ ವರ್ಷಗಳಲ್ಲಿ ಆರ್‌ಪಿಕೆಐ ಬಳಕೆ ಹೆಚ್ಚಿತು. ಈ ವಿಳಾಸವನ್ನು ಸಾರುವ ಹಕ್ಕು ಈ ಜಾಲಕ್ಕೆ ಎಂದು ಸಹಿ ಹಾಕಿ ಇಡುವ ಏರ್ಪಾಡು. 2018ರಲ್ಲಿ ಅದನ್ನು ನೋಡಿ ದಾರಿ ತಳ್ಳಿಹಾಕುವ ಜಾಲಗಳು ಇನ್ನೂ ವಿರಳ. ಈಗ ದೊಡ್ಡ ಜಾಲಗಳು ಹಲವು ನೋಡುತ್ತವೆ. ನಮ್ಮ ತುಂಡುಗಳಿಗೂ ಸಹಿ ಹಾಕಿದ್ದೇವೆ. ಅದರ ಬಳಕೆ ಹೆಚ್ಚಿದ್ದು ಒಳ್ಳೆಯದಾಯಿತು. ಆದರೆ ನೋಡುವವರು ನೋಡಿದರೆ ಮಾತ್ರ ಅದಕ್ಕೆ ಬೆಲೆ.

ನಮ್ಮ ಕೆಳಗೂ ಬಿಜಿಪಿ ನಡೆಸುವ ಕೆಲವರಿದ್ದಾರೆ. ಒಂದು ಕಾಲೇಜು, ಸಣ್ಣ ಆಪರೇಟರುಗಳು. ಅವರಿಗೆ ನಾವೇ ಅಪ್‌ಸ್ಟ್ರೀಮ್. ಅವರ ಪ್ರತಿ ಸೆಷನ್ ಮೇಲೂ ಪಟ್ಟಿ ಇದೆ. ಅವರ ಹೆಸರಿನಲ್ಲಿ ನೋಂದಣಿಯಾದ ತುಂಡುಗಳನ್ನು ಮಾತ್ರ ಒಪ್ಪುತ್ತೇವೆ. ಡೀಫಾಲ್ಟ್ ದಾರಿ ಬೇಡ. 10, 172.16, 192.168ರಿಂದ ಶುರುವಾಗುವ ಖಾಸಗಿ ವಿಳಾಸ ಬೇಡ. ನಮ್ಮದೇ ವಿಳಾಸ ಅವರಿಂದ ಬಂದರೆ ಬೇಡ. ಸ್ಲ್ಯಾಶ್ 24ಕ್ಕಿಂತ ಚಿಕ್ಕದು ಬೇಡ. ಆಪರೇಟರೊಬ್ಬರು ಒಮ್ಮೆ, "ಹೊಸ ತುಂಡು ತಗೊಂಡಾಗೆಲ್ಲ ನಿಮಗೆ ಫೋನ್ ಮಾಡ್ಬೇಕಾ ಮೇಡಮ್? ಬೇರೆ ಕಂಪನಿಯವ್ರು ಏನೂ ಕೇಳಲ್ಲ" ಎಂದರು. ಮಾಡಬೇಕು ಎಂದೆ. ಅವರು ಬೇರೆ ಕಂಪನಿಗೆ ಹೋದರು. ಯಜಮಾನರು ಹೋಗಲಿ ಬಿಡಿ ಎಂದರು.

2017ರಲ್ಲೇ ಆರ್‌ಎಫ್‌ಸಿ 8212 ಎಂಬ ದಾಖಲೆ ಬಂದಿತ್ತು. ಎರಡು ಜಾಲಗಳ ನಡುವಿನ ಬಿಜಿಪಿ ಸೆಷನ್ ಮೇಲೆ ಯಾವ ನೀತಿಯನ್ನೂ ಬರೆಯದಿದ್ದರೆ ಒಂದು ದಾರಿಯನ್ನೂ ಒಪ್ಪಬಾರದು, ಒಂದು ದಾರಿಯನ್ನೂ ಸಾರಬಾರದು ಎನ್ನುತ್ತದೆ ಅದು. ಅಂದರೆ ಪಟ್ಟಿ ಮರೆತರೆ ಬಾಗಿಲು ಮುಚ್ಚಿರಬೇಕು. ಹಿಂದಿನಿಂದ ಬಂದ ಅನೇಕ ರೂಟರುಗಳಲ್ಲಿ ಅದು ತಿರುಗಾಮುರುಗಾ. ಮರೆತರೆ ಬಾಗಿಲು ಪೂರ್ತಿ ತೆರೆದಿರುತ್ತದೆ. ಹೊಸ ರೂಟರ್ ಬಂದಾಗ ನಾನು ಮೊದಲು ನೋಡುವುದು ಇದನ್ನೇ. ಜೊತೆಗೆ ಕೆಲಸ ಮಾಡುವ ಹುಡುಗರಿಗೂ ಮೊದಲು ಇದನ್ನೇ ಕಲಿಸುತ್ತೇನೆ. ಪಟ್ಟಿಯ ಹೆಸರು ಕೊಟ್ಟು ಪಟ್ಟಿ ಬರೆಯದೆ ಬಿಟ್ಟರೆ ಕೆಲವು ರೂಟರುಗಳು ಎಲ್ಲವನ್ನೂ ಒಪ್ಪಿಬಿಡುತ್ತವೆ ಎಂಬುದನ್ನು ಪ್ರಯೋಗ ಮಾಡಿಯೇ ತೋರಿಸುತ್ತೇನೆ.

ಆ ರಾತ್ರಿ ಕೊನೆಗೆ ನಮ್ಮ ಮಾತು ಕೇಳಿದ ಆ ದೊಡ್ಡ ಜಾಲಕ್ಕೆ ಆ ಜುಲೈಯಲ್ಲೇ ಒಂದು ಪತ್ರ ಬರೆದೆ. ಆ ಒಬ್ಬ ಗ್ರಾಹಕರ ಸೆಷನ್ ಮೇಲೆ ನಮ್ಮ ತುಂಡನ್ನು ತಡೆದದ್ದಕ್ಕೆ ವಂದಿಸಿದೆ. ಉಳಿದ ಗ್ರಾಹಕರ ಸೆಷನ್‌ಗಳ ಮೇಲೆ ಪ್ರಿಫಿಕ್ಸ್ ಲಿಸ್ಟ್ ಹಾಕಿದ್ದೀರಾ ಎಂದು ಕೇಳಿದೆ. ಪತ್ರ ತಲುಪಿದೆ ಎಂಬ ಯಂತ್ರದ ಉತ್ತರ ಮಾತ್ರ ಬಂತು. ಆಮೇಲೂ ಬರೆದೆ. ಸರಿಯಾದ ಉತ್ತರ ಇನ್ನೂ ಬಂದಿಲ್ಲ.